ಸಹಾಯಕ ಕೋಶಗಳ ಕಾಯಕ

ಶಿಶುವಿಗೆ ಒಂದೂವರೆ ತಿಂಗಳಿನಲ್ಲಿ ಹಾಕಿಸಿದ ಲಸಿಕೆಯಿಂದ ಜ್ವರ ಬಂದಿತೆಂದು ಅಂಜಿ, ಮುಂದಿನ ಚುಚ್ಚುಮದ್ದುಗಳನ್ನು ಕೈಬಿಡುವವರುಂಟು. ಹಾಸನದ ಆಲೂಗೆಡ್ಡೆ, ಅರಕಲಗೂಡಿನ ಹೊಗೆಸೊಪ್ಪಿನ ಕೆಲಸಗಳ ಭರದಲ್ಲಿ ದಿನ ಮರೆಯುವವರೂ ಉಂಟು. ಲಸಿಕೆಯು ದೇಹದೊಳಗೆ ಮಾಡುವ ಕಾರ್ಯವನ್ನು ಅರಿತರೆ ಅಂಜಿಕೆಯೂ ಅಲಕ್ಷ್ಯವೂ ಕಳೆಯುತ್ತವೆ.

ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಬಿ ಕೋಶ, ಟಿ ಕೋಶಗಳೆಂಬ ಬಗೆಗಳುಂಟು. ರೋಗಾಣುವನ್ನು ಕಟ್ಟಿಹಾಕುವ ಪ್ರತಿಕಾಯಗಳನ್ನು ತಯಾರಿಸುವುದು ಬಿ ಕೋಶಗಳ ಕಾಯಕ. ಆದರೆ ಬಹುತೇಕ ಸಂದರ್ಭಗಳಲ್ಲಿ ಅವು ಒಂಟಿಯಾಗಿ ಅದನ್ನು ಪೂರೈಸಲಾರವು. ಬಿ ಕೋಶವು ರೋಗಾಣುವಿನ ಅಂಶವನ್ನು ಒಳಗೆಳೆದುಕೊಂಡು, ಅದರ ಪ್ರೋಟೀನನ್ನು ತುಂಡರಿಸಿ, ತುಣುಕೊಂದನ್ನು ಹೊರಮೈಯಲ್ಲಿ ತೋರಿಸುತ್ತದೆ. ಅದನ್ನು ಗುರುತಿಸಬಲ್ಲ ಸಹಾಯಕ ಟಿ ಕೋಶವು ದುಗ್ಧರಸ ಗ್ರಂಥಿಯಲ್ಲಿ ಅದರೊಡನೆ ಕೂಡಿ, ಸ್ಪರ್ಶದಿಂದಲೂ ರಾಸಾಯನಿಕ ಸಂದೇಶಗಳಿಂದಲೂ ಪ್ರಚೋದನೆ ನೀಡುತ್ತದೆ. ಆಗ ಬಿ ಕೋಶಗಳು ವೃದ್ಧಿಯಾಗುತ್ತವೆ. ಹೆಚ್ಚು ಬಿಗಿಯಾಗಿ ಹಿಡಿಯಬಲ್ಲ ಪ್ರತಿಕಾಯಗಳನ್ನು ಸ್ರವಿಸುತ್ತವೆ. ಕೆಲವು ನೆನಪಿನ ಕೋಶಗಳಾಗಿ ವರ್ಷಾನುಗಟ್ಟಲೆ ಉಳಿಯುತ್ತವೆ. ಚಿಕಿತ್ಸೆ ಪಡೆಯದ ಎಚ್‌ಐವಿ ಸೋಂಕು ಈ ಸಹಾಯಕ ಕೋಶಗಳನ್ನೇ ನಾಶಮಾಡುವುದರಿಂದ ದೇಹದ ರಕ್ಷಣೆ ಕುಸಿಯುತ್ತದೆ.

ಈ ತಿಳಿವಳಿಕೆಯ ಫಲವನ್ನು ನಮ್ಮ ಮಕ್ಕಳು ಉಣ್ಣುತ್ತಿದ್ದಾರೆ. ನ್ಯುಮೋನಿಯಾ, ಮಿದುಳುಪೊರೆಯ ಉರಿಯೂತಗಳನ್ನು ತರುವ ಹಿಬ್ ಬ್ಯಾಕ್ಟೀರಿಯಾದ ಮೇಲ್ಪದರವು ಸಕ್ಕರೆಯ ಜಾತಿಯ ವಸ್ತು. ಸಹಾಯಕ ಕೋಶಗಳು ಮುಖ್ಯವಾಗಿ ಪ್ರೋಟೀನನ್ನು ಗುರುತಿಸುವುದರಿಂದ, ಬರಿಯ ಆ ಪದರದ ಲಸಿಕೆಯು ಎಳೆಯ ಶಿಶುಗಳಿಗೆ ಫಲಿಸಲಿಲ್ಲ. ವಿಜ್ಞಾನಿಗಳು ಅದಕ್ಕೆ ಪ್ರೋಟೀನೊಂದನ್ನು ಜೋಡಿಸಿದರು. ಬಿ ಕೋಶಕ್ಕೆ ಸಹಾಯ ದೊರೆಯಿತು. 2011ರ ಡಿಸೆಂಬರಿನಲ್ಲಿ ಕೇರಳ, ತಮಿಳುನಾಡುಗಳಲ್ಲಿ ಆರಂಭವಾಗಿ ಬಳಿಕ ಕರ್ನಾಟಕಕ್ಕೂ ಬಂದ ಪೆಂಟಾವೇಲೆಂಟ್ ಲಸಿಕೆಯಲ್ಲಿ ಇದು ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಲಸಿಕೆಗಳೊಡನೆ ಸೇರಿದೆ.

ಈ ಲಸಿಕೆಯನ್ನು 6, 10, 14ನೆಯ ವಾರಗಳಲ್ಲಿ ಕೊಡುತ್ತಾರೆ. ಮೊದಲನೆಯದು ಪರಿಚಯ ಮಾತ್ರ. ಮುಂದಿನವು ಪ್ರತಿಕಾಯಗಳನ್ನೂ ನೆನಪನ್ನೂ ಬಲಪಡಿಸುತ್ತವೆ. ಒಂದೆರಡು ದಿನದ ಸಣ್ಣ ಜ್ವರ ದೇಹವು ಕಲಿಯುತ್ತಿರುವ ಲಕ್ಷಣ. ಜ್ವರ ಬಾರದಿದ್ದರೂ ಲಸಿಕೆ ವ್ಯರ್ಥವಲ್ಲ. ಜ್ವರ ತೀವ್ರವಾದರೆ, ಸೆಳವು ಬಂದರೆ, ಮಗು ಮಂಕಾದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ದಿನ ತಪ್ಪಿದ್ದರೆ ಮೊದಲಿನಿಂದ ಆರಂಭಿಸಬೇಕಿಲ್ಲ. ಉಳಿದುದನ್ನು ಮುಂದುವರಿಸಿದರೆ ಸಾಕು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಈ ಲಸಿಕೆ ಉಚಿತ. ನೆರೆಮನೆಯ ತಾಯಿಗೆ ತಾಯಿ ಕಾರ್ಡಿನ ದಿನವನ್ನು ನೆನಪಿಸಿ, ಅವಶ್ಯವಾದರೆ ಜೊತೆಗೆ ನಡೆಯುವುದೂ ದಾಸೋಹವೇ ಎಂದು ನಾವು ಭಾವಿಸುತ್ತೇವೆ.