ಮನೆ ಅಡ ಇಡೋ ಮುಂಚೆ ಈ ಲೆಕ್ಕ ಹಾಕಿ

ಸಿರುಗುಪ್ಪ, ಕುರುಗೋಡು ಕಡೆ ಹೋದಾಗಲೆಲ್ಲ ಯುವ ರೈತರು ನನ್ನನ್ನು ಕೇಳೋದು ಒಂದೇ: "ಅಣ್ಣಾ, ಮನಿ ಮ್ಯಾಲೆ ಸಾಲ ಕೊಡ್ತೀವಿ ಅಂತ ಬಳ್ಳಾರಿಯಿಂದ ಫೋನ್ ಮಾಡ್ತಾರ. ತಗೋಬಹುದಾ?" ಬೇಡವೇ ಬೇಡ ಅಂತ ನಾನು ಹೇಳಲ್ಲ. ಆದರೆ ಬೇರೆ ದಾರಿಗಳನ್ನೆಲ್ಲ ನೋಡಿದ ಮೇಲೆ ಅದು ಕೊನೆಯದಾಗಿರಲಿ.

ಮನೆಗೊಂದು ಕಾನೂನು, ಹೊಲಕ್ಕೊಂದು

ಮನೆ ಅಡಮಾನ ಸಾಲದ ಕಂತು 90 ದಿನ ಮೀರಿ ಬಾಕಿ ಉಳಿದರೆ ಬ್ಯಾಂಕ್ ಅದನ್ನು ಎನ್‌ಪಿಎ ಅಂತ ಬರೆದುಕೊಳ್ಳುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಕೊಟ್ಟು, ಸಿವಿಲ್ ಕೋರ್ಟಿಗೆ ದಾವೆ ಹಾಕದೆಯೇ ಮನೆ ವಶಕ್ಕೆ ತಗೊಂಡು ಹರಾಜು ಹಾಕಬಹುದು. ಕೃಷಿ ಜಮೀನನ್ನು ಈ ಕಾಯ್ದೆಯಿಂದ ಹೊರಗಿಟ್ಟಿದ್ದಾರೆ. ಅಲ್ಪಾವಧಿ ಬೆಳೆಯ ಸಾಲವಾದರೆ ಎರಡು ಹಂಗಾಮು ಬಾಕಿ ಉಳಿದ ಮೇಲಷ್ಟೇ ಎನ್‌ಪಿಎ ಆಗುತ್ತದೆ. ಅಂದರೆ ಹೊಲಕ್ಕಿರೋ ರಕ್ಷಣೆ ಮನೆಗಿಲ್ಲ.

ಕಂತು ತಿಂಗಳಿಗೆ, ದುಡ್ಡು ಸುಗ್ಗಿಗೆ

ಉದಾಹರಣೆಗೆ, 5 ಲಕ್ಷ ರೂಪಾಯಿಯನ್ನು ಶೇ 12ರ ಬಡ್ಡಿಗೆ 10 ವರ್ಷಕ್ಕೆ ತಗೊಂಡ್ರಿ ಅನ್ನಿ. ತಿಂಗಳ ಕಂತು ಸುಮಾರು 7,174 ರೂ. ಕೊನೆಗೆ ಕಟ್ಟೋದು 8.6 ಲಕ್ಷ. ಅದೇ ಸಾಲ 5 ವರ್ಷಕ್ಕಾದರೆ ಕಂತು 11,122 ರೂ., ಒಟ್ಟು 6.67 ಲಕ್ಷ. ಕಂತು ಸಣ್ಣದು ಅಂತ ಅವಧಿ ಎಳೆದರೆ ಬಡ್ಡಿಯೇ ಎರಡು ಲಕ್ಷದಷ್ಟು ಹೆಚ್ಚಾಗುತ್ತದೆ.

ಭತ್ತ, ಮೆಣಸಿನಕಾಯಿಯ ದುಡ್ಡು ತಿಂಗಳಿಗೊಮ್ಮೆ ಬರಲ್ಲ. ಬರುತ್ತೋ ಇಲ್ಲವೋ ಅನ್ನೋದೂ ಕಾಲುವೆ ನೀರಿನ ಕೈಯಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿ ಹೋದಾಗ ನಾವೆಲ್ಲ ಎದೆ ಹಿಡ್ಕೊಂಡು ಕೂತಿದ್ವಿ. ಅಂಥ ವರ್ಷದಲ್ಲೂ ಕಂತಿನ ತಾರೀಖು ಮುಂದಕ್ಕೆ ಹೋಗಲ್ಲ.

ಹಾಗಾದರೆ ಮೊದಲು ಎಲ್ಲಿ ಕೇಳಬೇಕು?

1. ಸೊಸೈಟಿ: ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಅಲ್ಪಾವಧಿ ಬೆಳೆ ಸಾಲಕ್ಕೆ, ವೇಳೆಗೆ ಸರಿಯಾಗಿ ಕಟ್ಟಿದರೆ, ಬಡ್ಡಿ ಇಲ್ಲ. ಎಷ್ಟು ಸಿಗುತ್ತೆ ಅನ್ನೋದು ನಿಮ್ಮ ಜಮೀನು, ಬೆಳೆ ನೋಡಿ ತೀರ್ಮಾನವಾಗುತ್ತದೆ.

2. ಕಿಸಾನ್ ಕ್ರೆಡಿಟ್ ಕಾರ್ಡ್: 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿ ಶೇ 7. ವೇಳೆಗೆ ಕಟ್ಟಿದವರಿಗೆ ಶೇ 4 ಮಾತ್ರ. 2025ರ ಜನವರಿಯಿಂದ 2 ಲಕ್ಷದವರೆಗೆ ಅಡಮಾನವನ್ನೂ ಕೇಳುವಂತಿಲ್ಲ.

3. ಪಿಎಲ್‌ಡಿ ಬ್ಯಾಂಕ್, ಸಹಕಾರ ಸಂಘ: ಪೈಪ್‌ಲೈನ್, ಯಂತ್ರದಂಥ ದೊಡ್ಡ ಖರ್ಚಿಗೆ ಶೇ 3ರ ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಸಾಲ ಕೇಳಿ ನೋಡಿ.

4. ಚಿನ್ನದ ಸಾಲ: ಕೆಟ್ಟರೆ ಒಡವೆ ಹೋಗುತ್ತೆ, ಸೂರು ಉಳಿಯುತ್ತೆ.

ಇವೆಲ್ಲ ಸಾಲದಿದ್ದರೆ ಮಾತ್ರ ಮನೆ. ಅದೂ ಬೀಜ, ಗೊಬ್ಬರ, ಕೂಲಿಗೆ ಬೇಡ. ಹೈನುಗಾರಿಕೆ ಹಾಗೆ ಆಗಾಗ ಕೈಗೆ ಕಾಸು ತರೋ ಕೆಲಸಕ್ಕೆ, ಇಲ್ಲವೇ ಅದಕ್ಕಿಂತ ದುಬಾರಿ ಬಡ್ಡಿಯ ಕೈಸಾಲ ತೀರಿಸೋಕೆ ಆದರೆ ಒಪ್ಪಬಹುದು.

ಸಹಿ ಹಾಕೋ ಮುಂಚೆ

ಹಳ್ಳಿ ಮನೆಗೆ ಪಂಚಾಯ್ತಿಯ ಇ-ಸ್ವತ್ತು ನಮೂನೆ, ಊರಲ್ಲಿರೋ ಮನೆಗೆ ಇ-ಖಾತಾ ಬೇಕು. ಇಸಿಯನ್ನು ಕಾವೇರಿ ಪೋರ್ಟಲ್‌ನಲ್ಲಿ ಮೊಬೈಲ್‌ನಿಂದಲೇ ತೆಗೆಸಬಹುದು.

"ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕನ್ನಡದಲ್ಲಿ ಕೊಡಿ" ಅಂತ ಕೇಳಿ. ಸಾಲಗಾರನಿಗೆ ಅರ್ಥವಾಗೋ ಭಾಷೆಯಲ್ಲೇ ಅದನ್ನು ಕೊಡಬೇಕು ಅನ್ನೋದು ರಿಸರ್ವ್ ಬ್ಯಾಂಕ್ ನಿಯಮ. ಬಡ್ಡಿಯ ಜೊತೆ ಉಳಿದ ಶುಲ್ಕವೂ ಸೇರಿ ವರ್ಷಕ್ಕೆ ಎಷ್ಟು ಬೀಳುತ್ತೆ ಅನ್ನೋದು ಅದರಲ್ಲಿರುತ್ತದೆ. ಎರಡು ಕಡೆಯ ಸಾಲ ಹೋಲಿಸಬೇಕಾದರೆ ಆ ಅಂಕಿಯನ್ನೇ ಹೋಲಿಸಿ.

ಆರು ತಿಂಗಳಿಗೊಮ್ಮೆ ಕಟ್ಟೋ ಕಂತು ಇದೆಯಾ, ಬೇಗ ತೀರಿಸಿದರೆ ದಂಡ ಇದೆಯಾ ಅಂತಲೂ ಕೇಳಿ. ಸಾಲ ತೀರಿದ 30 ದಿನದೊಳಗೆ ಮನೆ ಪತ್ರ ವಾಪಸ್ ಕೊಡಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂ. ಪರಿಹಾರ ನಿಮಗೆ ಬರಬೇಕು.

ಕೊನೆಯದಾಗಿ, ಮನೆ ಪತ್ರದಲ್ಲಿ ಅಪ್ಪನ ಹೆಸರಿದ್ದರೂ ಅದರಡಿ ಇರೋದು ಇಡೀ ಮನೆಮಂದಿ. ಒಂದು ಬೆಳೆ ಪೂರ್ತಿ ಕೈಕೊಟ್ಟರೂ ಕಂತು ಕಟ್ಟೋಕಾಗುತ್ತಾ ಅಂತ ಎಲ್ಲರೂ ಕೂತು ಲೆಕ್ಕ ಹಾಕಿ. ಆಗಲ್ಲ ಅನ್ನಿಸಿದರೆ ಸಹಿ ಹಾಕಬೇಡಿ.