ಅಧಿಕಾರ ಬೇಡ ಎಂದವನ ಹೆಸರಲ್ಲೊಂದು ಚೌಕ

ಮೊನ್ನೆ ಶನಿವಾರ ಬರ್ಲಿನ್ನಿನ ಕ್ರಾಯ್ಟ್ಸ್‌ಬರ್ಗಿಗೆ ಹೋಗಿದ್ದೆ. ಅಲ್ಲಿನ ಟರ್ಕಿಯವರ ಅಂಗಡಿಗಳಲ್ಲಿ ಕಟ್ಟುಗಟ್ಟಲೆ ಕೊತ್ತಂಬರಿ ಸೊಪ್ಪು ಸಿಗುತ್ತೆ ಅನ್ನೋದು ನೆಪ. ಚೀಲ ಹಿಡಿದು ಓರಾನಿಯೆನ್ ಸ್ಟ್ರಾಸೆಯಲ್ಲಿ ಬರ್ತಾ ಇದ್ದಾಗ ಒಂದು ಬೋರ್ಡು ಕಣ್ಣಿಗೆ ಬಿತ್ತು: ರಿಯೋ ರೈಸರ್ ಪ್ಲಾಟ್ಸ್. ಪ್ಲಾಟ್ಸ್ ಅಂದ್ರೆ ಚೌಕ. 2022ರ ಆಗಸ್ಟ್‌ವರೆಗೆ ಇದು ಹೈನ್ರಿಶ್ ಪ್ಲಾಟ್ಸ್ ಆಗಿತ್ತು. ಹೈನ್ರಿಶ್ ಪ್ರಷ್ಯಾದ ಒಬ್ಬ ರಾಜಕುಮಾರ. ಅವನನ್ನು ಇಳಿಸಿ ಒಬ್ಬ ಹಾಡುಗಾರನನ್ನು ಕೂರಿಸಿದ್ದಾರೆ. ಅದೂ ಎಂಥಾ ಹಾಡುಗಾರ! 'ಯಾರಿಗೂ ಅಧಿಕಾರ ಬೇಡ' ಅಂತ ರೆಕಾರ್ಡಿಗೇ ಹೆಸರಿಟ್ಟವನು.

ನಮ್ಮಲ್ಲಿ ಜರ್ಮನ್ ಸಂಗೀತ ಅಂದ್ರೆ ಬಾಖ್, ಬೀಥೋವನ್. ಅಲ್ಲಿಗೆ ಮುಗೀತು. ರಿಯೋ ರೈಸರ್ ಹೆಸರು ಕೇಳಿದವರು ಕಡಿಮೆ. ಇಲ್ಲಿ ಬಂದು ಸೇರುವವರೆಗೆ ನಾನೂ ಕೇಳಿರಲಿಲ್ಲ ಬಿಡಿ.

ಹುಟ್ಟುಹೆಸರು ರಾಲ್ಫ್ ಮೋಬಿಯಸ್. ಹುಟ್ಟಿದ್ದು 1950ರ ಜನವರಿ 9, ಬರ್ಲಿನ್ನಿನಲ್ಲಿ. ಅಪ್ಪ ಎಂಜಿನಿಯರ್. ಅವರ ಕೆಲಸದಿಂದಾಗಿ ಮನೆಮಂದಿಯೆಲ್ಲ ಊರಿಂದೂರಿಗೆ ಅಲೆದರು. ಹುಡುಗ ಯಾವ ಊರಿನವನೂ ಆಗಲಿಲ್ಲ. 'ಆಂಟನ್ ರೈಸರ್' ಅನ್ನೋ ಹದಿನೆಂಟನೇ ಶತಮಾನದ ಕಾದಂಬರಿಯಿಂದ ಹೆಸರು ಎತ್ತಿಕೊಂಡ. 1967ರಲ್ಲಿ ಬರ್ಲಿನ್ನಿಗೆ ವಾಪಸು ಬಂದು ಅಣ್ಣಂದಿರ ಜತೆ ನಾಟಕಕ್ಕಿಳಿದ. ಕೆಲಸ ಕಲಿಯುವ ಹುಡುಗರ ಕಷ್ಟಗಳನ್ನೇ ಕಥೆ ಮಾಡಿ ಬೀದಿಯಲ್ಲಿ ಆಡಿ ತೋರಿಸುತ್ತಿದ್ದರು. ನಮ್ಮ 'ಸಮುದಾಯ' ತಂಡದವರ ಬೀದಿನಾಟಕ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ.

1970ರಲ್ಲಿ ಗೆಳೆಯ ಲಾನ್ರೂ ಮುಂತಾದವರ ಜತೆ ಕಟ್ಟಿದ ತಂಡ 'ಟೋನ್ ಸ್ಟೈನೆ ಶೆರ್ಬೆನ್'. ಅಂದ್ರೆ ಜೇಡಿಮಣ್ಣು, ಕಲ್ಲು, ಒಡೆದ ಚೂರು. 'ಟೋನ್' ಅಂದ್ರೆ ಸ್ವರ ಅಂತಲೂ ಅರ್ಥ ಇದೆ. ಆ ಸೆಪ್ಟೆಂಬರಿನಲ್ಲಿ ಫೆಹ್ಮಾರ್ನ್ ದ್ವೀಪದ ಉತ್ಸವದಲ್ಲಿ ಈ ಹುಡುಗರು ಹಾಡಿದರು. ಅದೇ ವೇದಿಕೆಯಲ್ಲಿ ಅದೇ ದಿನ ಜಿಮಿ ಹೆಂಡ್ರಿಕ್ಸ್ ನುಡಿಸಿದ್ದ. ಎರಡು ವಾರದೊಳಗೆ ಆತ ತೀರಿಕೊಂಡ. ಫೆಹ್ಮಾರ್ನ್‌ನಲ್ಲಿ ಸಂಘಟಕರು ದುಡ್ಡು ಬಾಚಿಕೊಂಡು ಪರಾರಿ, ಸಂಬಳ ಸಿಗದ ಕೆಲಸಗಾರರ ಸಿಟ್ಟು, ಕೊನೆಗೆ ಬೆಂಕಿ! ಇವರ ಆರಂಭವೇ ಹಾಗೆ ನೋಡಿ.

ಆಗ ಜರ್ಮನಿಯಲ್ಲಿ ರಾಕ್ ಹಾಡೋರು ಹೆಚ್ಚಾಗಿ ಇಂಗ್ಲಿಷಿನಲ್ಲೇ ಹಾಡ್ತಿದ್ರು. ಜರ್ಮನ್ ಭಾಷೆ ಇದ್ದದ್ದು ಲಘುಗೀತೆಗಳಿಗೆ. ರೈಸರ್ ಬೀದಿಯ ಜರ್ಮನ್ನಿನಲ್ಲೇ, ಗಂಟಲು ಕಿತ್ತುಬರುವಂತೆ ಹಾಡಿದ. 2008ರಲ್ಲಿ ರಘು ದೀಕ್ಷಿತ್ ಶರೀಫಜ್ಜನ ತತ್ವಪದವನ್ನು ಗಿಟಾರಿಗೆ ಕೂರಿಸಿದಾಗ 'ಅರೆ, ಕನ್ನಡಕ್ಕೂ ಇದು ಒಗ್ಗುತ್ತಲ್ಲ' ಅಂತ ನಮಗೆಲ್ಲ ಅನ್ನಿಸಿತಲ್ಲ, ಇಲ್ಲಿಯವರಿಗೆ ಅದು 1971ರಲ್ಲೇ ಆಗಿತ್ತು.

ದೊಡ್ಡ ಕಂಪನಿಗಳ ಸಹವಾಸವೇ ಬೇಡ ಅಂತ ತಂಡದವರು ತಮ್ಮದೇ ಲೇಬಲ್ ಶುರು ಮಾಡಿದರು: 'ಡೇವಿಡ್ ಫೋಕ್ಸ್‌ಮುಂಡ್'. ಗುರುತು ಒಂದು ಕವಣೆ. ಜರ್ಮನಿಯ ಮೊದಮೊದಲ ಸ್ವತಂತ್ರ ಲೇಬಲ್‌ಗಳಲ್ಲಿ ಇದೂ ಒಂದು. 1971ರ ಡಿಸೆಂಬರ್ 8ರಂದು ವಿಶ್ವವಿದ್ಯಾಲಯದ ಸಭೆಯಲ್ಲಿ ಇವರು ಹಾಡಿದ ಮೇಲೆ ಯುವಕರ ಗುಂಪೊಂದು ಕ್ರಾಯ್ಟ್ಸ್‌ಬರ್ಗಿನಲ್ಲಿ ಮುಚ್ಚಿಹೋಗಿದ್ದ ಬೆಥಾನಿಯೆನ್ ಆಸ್ಪತ್ರೆಯ ದಾದಿಯರ ವಸತಿಗೆ ನುಗ್ಗಿ ಅಲ್ಲೇ ಬಿಡಾರ ಹೂಡಿತು. ನಾನು ನಿಂತಿದ್ದ ಚೌಕದಿಂದ ಅದು ಕೂಗಳತೆ ದೂರ. ರೈಸರ್ ಅದರ ಮೇಲೂ ಹಾಡು ಕಟ್ಟಿದ. 1972ರಲ್ಲಿ ಬಂದ 'ಕೈನೆ ಮಾಖ್ಟ್ ಫ್ಯೂರ್ ನೀಮಾಂಡ್' (ಯಾರಿಗೂ ಅಧಿಕಾರ ಬೇಡ) ರೆಕಾರ್ಡಿನಲ್ಲಿ ಅದಿದೆ.

ಇಲ್ಲಿವರೆಗೆ ಕ್ರಾಂತಿಯ ಕಥೆ. ಇನ್ನು ಮುಂದೆ ಸಾಲದ ಕಥೆ.

ಹಾಡು ಜನರದ್ದು ಅಂದಮೇಲೆ ದುಡ್ಡು ಯಾಕೆ ಕೊಡಬೇಕು ಅಂತ ಜನ ಕೇಳಿದರು! ಚಳವಳಿಯವರು ಕರೆದಲ್ಲೆಲ್ಲ ಹೋಗಿ ಪುಕ್ಕಟೆ ಹಾಡಬೇಕು. ಟಿಕೆಟ್ ಇಟ್ಟರೆ 'ನೀವೂ ಬಂಡವಾಳಶಾಹಿಗಳೇ' ಅನ್ನೋ ಬೈಗುಳ. ಪ್ರೇಮದ ಹಾಡು ಹಾಡಿದರೆ 'ಹೋರಾಟ ಎಲ್ಲಿ ಹೋಯ್ತು' ಅನ್ನೋ ಗೊಣಗಾಟ. ಮೇಲಾಗಿ ರೈಸರ್ ಸಲಿಂಗಿ. ಗಂಡಸುತನದ ಠೇಂಕಾರವೇ ತುಂಬಿದ್ದ ಆ ಬಳಗದಲ್ಲಿ ಅದನ್ನು ಮುಚ್ಚಿಡದೆ ಬದುಕಿದ. 'ಬ್ರ್ಯೂವಾರ್ಮ್' ಎಂಬ ಸಲಿಂಗಿಗಳ ನಾಟಕ ತಂಡಕ್ಕೂ ಸಂಗೀತ ಮಾಡಿಕೊಟ್ಟ. 1975ರಲ್ಲಿ ಬರ್ಲಿನ್ ಸಾಕಾಗಿ ತಂಡವೆಲ್ಲ ಡೆನ್ಮಾರ್ಕ್ ಗಡಿಯ ಹತ್ತಿರದ ಫ್ರೇಸನ್‌ಹಾಗನ್ ಎಂಬ ಹಳ್ಳಿಯ ತೋಟದಮನೆಗೆ ಹೊರಟುಹೋಯಿತು. ಟಾರೋ ಎಲೆಗಳು, ಹುಲ್ಲಿನ ಮಾಡು, ಸುರಿಯುವ ಮಳೆ... ತಂಡ 1985ರಲ್ಲಿ ಮುರಿದುಬಿದ್ದಾಗ ತಲೆ ಮೇಲೆ ಲಕ್ಷಗಟ್ಟಲೆ ಮಾರ್ಕ್ ಸಾಲ. ಆಗ ಅವರ ಮ್ಯಾನೇಜರ್ ಆಗಿದ್ದ ಕ್ಲೌಡಿಯಾ ರೋಟ್ ಆಮೇಲೆ ಗ್ರೀನ್ ಪಕ್ಷ ಸೇರಿದರು. ಈ ಚೌಕಕ್ಕೆ ಹೆಸರಿಡುವ ಹೊತ್ತಿಗೆ ಜರ್ಮನಿಯ ಸಂಸ್ಕೃತಿ ಸಚಿವೆಯಾಗಿದ್ದರು!

ಮುಂದೆ ರೈಸರ್ ಮಾಡಿದ್ದನ್ನು ಹಳೇ ಗೆಳೆಯರು ಅನೇಕರು ಕ್ಷಮಿಸಲಿಲ್ಲ. ದೊಡ್ಡ ಕಂಪನಿಗೆ ಸಹಿ ಹಾಕಿದ. 1986ರಲ್ಲಿ ಬಂದ 'ಜರ್ಮನಿಯ ರಾಜ' ಅನ್ನೋ ತಮಾಷೆ ಹಾಡು ದೇಶಕ್ಕೇ ಬಾಯಿಪಾಠ ಆಯ್ತು. 'ಮಾರಿಕೊಂಡ' ಅಂದರು. ಆದರೆ 1988ರ ಅಕ್ಟೋಬರಿನಲ್ಲಿ ಪೂರ್ವ ಬರ್ಲಿನ್ನಿನ ಸಭಾಂಗಣದಲ್ಲಿ, ಅಲ್ಲಿನ ಸರ್ಕಾರದ ಯುವ ಸಂಘಟನೆಯ ಆತಿಥ್ಯದಲ್ಲೇ, ಈತ ಕನಸು ಮುಗಿದುಹೋದ ದೇಶದ ಬಗ್ಗೆ ತನ್ನ ಹಳೇ ಹಾಡು ಎತ್ತಿಕೊಂಡಾಗ ಸಾವಿರಾರು ಮಂದಿ ದನಿಗೂಡಿಸಿದರು. ಹಾಡು ಬರೆದದ್ದು ಪಶ್ಚಿಮದವರಿಗೆ, ತಮ್ಮದು ಅಂದುಕೊಂಡದ್ದು ಪೂರ್ವದವರು. ಒಂದು ವರ್ಷ ಕಳೆದು ಸ್ವಲ್ಪ ದಿನಕ್ಕೆ ಗೋಡೆ ಬಿತ್ತು. ಮಾರಿಕೊಂಡವನ ಹಾಡಿಗೆ ಹಾಗೆ ಜನ ದನಿಗೂಡಿಸ್ತಾರಾ, ನೀವೇ ಹೇಳಿ.

1996ರ ಆಗಸ್ಟ್ 20ರಂದು ಫ್ರೇಸನ್‌ಹಾಗನ್‌ನಲ್ಲೇ ತೀರಿಕೊಂಡ. ನಲವತ್ತಾರು ವರ್ಷ, ಅಷ್ಟೆ. ವಿಶೇಷ ಅನುಮತಿ ಪಡೆದು ತೋಟದಲ್ಲೇ ಮಣ್ಣು ಮಾಡಿದರು. ತೋಟ ಮಾರಾಟವಾದಾಗ, 2011ರಲ್ಲಿ, ಮತ್ತೆ ಅಗೆದು ಬರ್ಲಿನ್ನಿಗೆ ತಂದರು. ಸತ್ತ ಮೇಲೂ ಮನೆ ಬದಲಾಯಿಸೋದು ತಪ್ಪಲಿಲ್ಲ. ಈಗ ಗ್ರಿಮ್ ಸಹೋದರರು ಮಲಗಿರುವ ಸ್ಮಶಾನದಲ್ಲೇ ಇವನೂ ಇದ್ದಾನೆ.

ಅಂದು ಟಿಕೆಟ್ಟಿಗೆ ದುಡ್ಡು ಕೊಡಲ್ಲ ಅಂದ ಹುಡುಗರಿಗೆ ಈಗ ಎಪ್ಪತ್ತು ದಾಟಿರಬೇಕು. ಅವರಲ್ಲೂ ಕೆಲವರು ಈ ಚೌಕಕ್ಕೆ ಬಂದು ಫೋಟೋ ತೆಗೆಸಿಕೊಂಡಿರಬಹುದು. ನಗಬೇಕು ಅನ್ನಿಸಿತು, ಆಗಲಿಲ್ಲ. ನಾನು ಜರ್ಮನಿಗೆ ಬಂದ ಹೊಸದರಲ್ಲಿ ಊರಿನ ನೆನಪು ತಡೆಯಲಾರದೆ ರಾತ್ರಿಯೆಲ್ಲ ಕನ್ನಡ ಭಾವಗೀತೆ ಕೇಳ್ತಿದ್ದೆ. ನೂರಾರು ಹಾಡು. ಎಲ್ಲೆಲ್ಲಿಂದಲೋ ಪುಕ್ಕಟೆ ಇಳಿಸಿಕೊಂಡದ್ದು. ಹಾಡಿದವರಿಗೆ, ಬರೆದವರಿಗೆ ನನ್ನಿಂದ ಒಂದು ರೂಪಾಯಿ ಹೋಗಿಲ್ಲ. 'ನಮ್ಮ ಹಾಡು' ಅಂತ ಎದೆ ತಟ್ಟಿಕೊಂಡು ಇಲ್ಲಿಯವರಿಗೆಲ್ಲ ಕೇಳಿಸಿದ್ದೇನೆ ಬೇರೆ.

ಕೊತ್ತಂಬರಿ ಸೊಪ್ಪಿಗೆ ಮಾತ್ರ ಆವತ್ತೂ ಚಿಲ್ಲರೆ ಎಣಿಸಿ ಕೊಟ್ಟಿದ್ದೆ.