ಬಿಸಿಗಾಳಿಯ ಬೆಸುಗೆಯ ಉಪಕರಣ

ಎರಡು ಲೋಹಖಂಡಗಳನ್ನು, ಅವುಗಳಿಗಿಂತ ಬೇಗನೆ ಕರಗುವ ಮೂರನೆಯ ಲೋಹದಿಂದ ಕೂಡಿಸುವುದಕ್ಕೆ ಬೆಸುಗೆಯೆಂದು ಹೆಸರು. ಕಲಬುರಗಿ ಸೀಮೆಯ ಪತ್ತಾರರಿಗೆ ಈ ವಿದ್ಯೆಯು ಪರಂಪರೆಯಿಂದ ಬಂದುದು. ಬಿಳಿಗಾರವನ್ನು ಹಚ್ಚಿ, ಊದುಗೊಳವೆಯಿಂದ ಉರಿಯನ್ನು ಒಡವೆಯ ಸಂಧಿಗೆ ಹಾಯಿಸುವುದು ಅವರ ಕ್ರಮ. ರಸಶಾಸ್ತ್ರದ ಸಂಸ್ಕೃತಗ್ರಂಥಗಳಲ್ಲಿ ಬಾಗಿದ ಊದುಗೊಳವೆಗೆ ವಂಕನಾಲವೆಂದೂ ಬಿಳಿಗಾರಕ್ಕೆ ಟಂಕಣವೆಂದೂ ಹೆಸರುಂಟು.

ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಮೊಬೈಲು ರಿಪೇರಿಯನ್ನು ಕೈಕೊಂಡವರಿಗೂ ಈ ವಿದ್ಯೆಯೇ ಬೇಕಾಗುವುದು. ಇಲ್ಲಿ ಬೆಸುಗೆಯ ಲೋಹವು ಹಲವೊಮ್ಮೆ ತವರ ಸೀಸಗಳ ಮಿಶ್ರಣವು. ಬಿಳಿಗಾರದ ಸ್ಥಾನದಲ್ಲಿ ರಾಳವಿರುವುದು. ೬೩ ಭಾಗ ತವರಕ್ಕೆ ೩೭ ಭಾಗ ಸೀಸವು ಸೇರಿದರೆ ಮಿಶ್ರಣವು ೧೮೩ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. ಆದರೆ ಒಂದು ಚಿಪ್ಪಿಗೆ ಹತ್ತಾರು ಕಾಲುಗಳಿರುವುದರಿಂದ, ಕಾದ ಕಡ್ಡಿಯಿಂದ ಒಂದೊಂದನ್ನೇ ಮುಟ್ಟಿ ಅದನ್ನು ಬಿಡಿಸಲಾಗದು. ಉರಿಯನ್ನು ಹಾಯಿಸಿದರೆ ಹಲಗೆಯೇ ಸುಟ್ಟುಹೋಗುವುದು. ಆದುದರಿಂದ ಎಲ್ಲ ಕಾಲುಗಳನ್ನೂ ಒಮ್ಮೆಗೇ ಕಾಯಿಸುವ ಬಿಸಿಗಾಳಿಯೇ ತಕ್ಕ ಸಾಧನವು.

ಈ ಉಪಕರಣವನ್ನು ಗುಜರಿಯ ಸಾಮಾನುಗಳಿಂದಲೇ ರಚಿಸಬಹುದು. ನಿಮಿಷಕ್ಕೆ ೨೦ ಲೀಟರು ಗಾಳಿಯ ತೂಕವು ಸುಮಾರು ೨೪ ಗ್ರಾಮು. ಅದರ ಶಾಖವನ್ನು ೩೫೦ ಡಿಗ್ರಿಗಳಷ್ಟು ಏರಿಸುವುದಕ್ಕೆ ಸುಮಾರು ೧೪೦ ವ್ಯಾಟು ಶಕ್ತಿ ಸಾಕು. ೨೪ ವೋಲ್ಟಿನಲ್ಲಿ ೪ ಓಮಿನ ತಂತಿಯು ೬ ಆಂಪಿಯರನ್ನೆಳೆದು ೧೪೪ ವ್ಯಾಟನ್ನು ಕೊಡುವುದು. ೨೩೦ ವೋಲ್ಟಿನ, ೨೦೦೦ ವ್ಯಾಟಿನ ಹಳೆಯ ವಿದ್ಯುದೊಲೆಯ ಸುರುಳಿಯು ಸುಮಾರು ೨೬ ಓಮಿನದು. ಅದರ ಆರನೆಯ ಒಂದು ಭಾಗಕ್ಕಿಂತ ತುಸು ಕಡಮೆಯಾದ ತುಂಡು ಇದಕ್ಕೆ ಒದಗುವುದು. ಅದನ್ನು ಅಭ್ರಕದ ಹಾಳೆಗೆ ಸುತ್ತಿ, ಮತ್ತೊಂದು ಅಭ್ರಕದ ಹಾಳೆಯನ್ನು ಹೊದಿಸಿ, ತುಕ್ಕುಹಿಡಿಯದ ಉಕ್ಕಿನ ಕೊಳವೆಯೊಳಗೆ ಇಡಬೇಕು. ಕೊಳವೆಯ ಹಿಂದೆ ಸಣ್ಣದೊಂದು ಬ್ಲೋವರು, ಹಿಡಿಗೆ ಕಟ್ಟಿಗೆ. ಸತುವಿನ ಲೇಪವಿರುವ ಕೊಳವೆಯೂ ಕಲ್ನಾರೂ ಸರ್ವಥಾ ಕೂಡದು. ಮೊದಲನೆಯದರ ಹೊಗೆಯೂ ಎರಡನೆಯದರ ಧೂಳೂ ಶ್ವಾಸಕ್ಕೆ ಹಾನಿಕರವು.

ಮನೆಯ ೨೩೦ ವೋಲ್ಟನ್ನು ನೇರವಾಗಿ ಈ ತಂತಿಗೆ ಕೊಡುವುದು ಪ್ರಾಣಾಪಾಯಕರ. ಅಭ್ರಕವು ಬಿರಿದರೆ ಕೈಯಲ್ಲಿರುವ ಕೊಳವೆಗೇ ವಿದ್ಯುತ್ತು ಹರಿಯುವುದು. ಆದಕಾರಣ ಪ್ರತ್ಯೇಕ ಸುರುಳಿಗಳುಳ್ಳ, ೧೫೦ ವ್ಯಾಟಿಗೆ ಕಡಮೆಯಲ್ಲದ ಟ್ರಾನ್ಸ್‌ಫಾರ್ಮರಿನಿಂದ ಮಾತ್ರವೇ ೨೪ ವೋಲ್ಟನ್ನು ಪಡೆಯತಕ್ಕದ್ದು; ಅದರ ಮುಂದೆ ಫ್ಯೂಸಿರಬೇಕು.

ಬಳಸುವ ಕ್ರಮವೂ ಅಷ್ಟೇ ಮುಖ್ಯವು. ಮೊದಲು ಗಾಳಿ, ಅನಂತರ ಶಾಖ. ಮುಗಿಸುವಾಗ ಮೊದಲು ಶಾಖವನ್ನು ನಿಲ್ಲಿಸಿ, ಕೊಳವೆಯು ಆರುವವರೆಗೂ ಗಾಳಿಯನ್ನು ಬಿಡಬೇಕು. ಗಾಳಿಯಿಲ್ಲದೆ ಕಾದರೆ ತಂತಿಯು ಕೆಂಪಗಾಗಿ ಕಡಿದುಹೋಗುವುದು. ರಾಳದ ಹೊಗೆಯು ಹೊರಹೋಗುವಂತೆ ಕಿಟಕಿಯನ್ನು ತೆರೆದಿರಬೇಕು. ಸೀಸವು ವಿಷವಾದುದರಿಂದ ಊಟಕ್ಕೆ ಮುನ್ನ ಕೈ ತೊಳೆಯುವುದು ಅವಶ್ಯ.

ಪತ್ತಾರನು ತನ್ನ ಉಸಿರಿನಿಂದ ಉರಿಯನ್ನು ಹದದಲ್ಲಿಡುವನು. ಇಲ್ಲಿ ಆ ಕಾರ್ಯವು ಬ್ಲೋವರಿನದು. ಸಾಧನವು ಬೇರೆಯಾದರೂ, ಸಂಧಿಯು ಕರಗುವಷ್ಟು ಮಾತ್ರ ಕಾಯಿಸಿ ಉಳಿದುದನ್ನು ಕಾಪಾಡುವ ಹದವು ಒಂದೇ.